ಯಾರು ಬೇಡ ಅಂದಿದ್ದರು ಅನ್ನೋದನ್ನೂ ಬರೆದಿಡಿ: ಅಣು ಸುರಕ್ಷತೆಯ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಎಲ್ಲ ದೇಶಗಳ ಅಣು ಸುರಕ್ಷತಾ ನಿಯಂತ್ರಣ ಮಂಡಳಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ತಪಾಸಣೆಗೆ ಹೋಗುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಅಣು ವಿದ್ಯುತ್ ಬೇಡ ಅನ್ನುವವನಲ್ಲ. ನನ್ನ ದುಡಿಮೆಯ ಬಹುಪಾಲು ವರ್ಷಗಳು ಅಂಥ ಒಂದು ಸ್ಥಾವರದಲ್ಲೇ ಕಳೆದವು. ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಒತ್ತಡ ಎಷ್ಟಿದೆ, ನೀರು ಎಲ್ಲಿಯವರೆಗಿದೆ, ವಾಲ್ವ್ ತೆರೆದಿದೆಯಾ ಮುಚ್ಚಿದೆಯಾ ಅಂತ ಕಂಟ್ರೋಲ್ ರೂಮಿಗೆ ತಿಳಿಸುವ ಉಪಕರಣಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಆ ಉಪಕರಣ ಸುಳ್ಳು ಹೇಳಿದರೆ ಪ್ಯಾನೆಲ್ ಮುಂದೆ ಕೂತವರಿಗೆ ಕಣ್ಣು ಕಟ್ಟಿದ ಹಾಗೆ. ಅದಕ್ಕೇ ನಮ್ಮ ವಿಭಾಗದವರು ಸಣ್ಣ ವಿಷಯಕ್ಕೂ ಹಟ ಹಿಡಿಯುತ್ತಿದ್ದೆವು.

ಒಂದು ರಾತ್ರಿ ಪಾಳಿಯಲ್ಲಿ ಒಂದು ವಾಲ್ವಿನ ಲಿಮಿಟ್ ಸ್ವಿಚ್, ಅಂದರೆ ವಾಲ್ವ್ ತೆರೆದಿದೆಯಾ ಮುಚ್ಚಿದೆಯಾ ಅಂತ ತಿಳಿಸುವ ಸ್ವಿಚ್, ಸತಾಯಿಸುತ್ತಿತ್ತು. ವಾಲ್ವ್ ಪೂರ್ತಿ ಮುಚ್ಚಿದೆ, ಕೈಯಲ್ಲಿ ತಿರುಗಿಸಿ ನೋಡಿ ಬಂದಿದ್ದೇವೆ. ಆದರೂ ಪ್ಯಾನೆಲ್ ಮೇಲಿನ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಆ ತಿಂಗಳಲ್ಲಿ ಅದು ಮೂರನೇ ಸಲ. ಲಾಗ್‌ಬುಕ್ಕಿನಲ್ಲಿ ಹೀಗೆ ಬರೆದೆ: 'ಸ್ವಿಚ್ ಬದಲಿಸಬೇಕು. ಬದಲಿಸುವ ತನಕ ಈ ದೀಪವನ್ನು ನಂಬಬೇಡಿ.' ಬೆಳಿಗ್ಗೆ ಪಾಳಿ ಒಪ್ಪಿಸುವಾಗ ನನ್ನ ಮೇಲಿನವರು ಅದನ್ನು ಓದಿದರು. 'ನಂಬಬೇಡಿ ಅಂತ ಬರೆದರೆ ಅದೊಂದು ದೋಷ ಅಂತ ದಾಖಲಾಗುತ್ತೆ ಕಣಪ್ಪಾ. ಆಮೇಲೆ ನೂರು ಪ್ರಶ್ನೆ ಬರುತ್ತವೆ. ಗಮನಿಸಲಾಗಿದೆ ಅಂತ ಬರಿ, ಸಾಕು' ಅಂದರು. 'ಹಾಗಲ್ಲ ಸಾರ್' ಅಂತ ಎರಡು ಮಾತು ಹೇಳಿದೆ. ಅವರು ಕೆಟ್ಟವರಲ್ಲ, ಕೆಲಸ ಗೊತ್ತಿದ್ದವರು. ಅವರ ಲೆಕ್ಕದಲ್ಲಿ ಅದು ನಿಜವಾಗಿಯೂ ಸಣ್ಣ ವಿಷಯ. ಕೊನೆಗೆ ನನ್ನ ಸಾಲಿನ ಮೇಲೆ ಗೆರೆ ಎಳೆದು, ಸಹಿ ಹಾಕಿ, ಕೆಳಗೆ 'ಗಮನಿಸಲಾಗಿದೆ' ಅಂತ ಬರೆದೆ.

ಏನೂ ಆಗಲಿಲ್ಲ. ಮುಂದಿನ ಔಟೇಜಿನಲ್ಲಿ, ಅಂದರೆ ದುರಸ್ತಿಗಾಗಿ ರಿಯಾಕ್ಟರ್ ನಿಲ್ಲಿಸಿದಾಗ, ಸ್ವಿಚ್ ಬದಲಾಯಿತು. ಆದರೆ ಆ ಬೆಳಿಗ್ಗೆ ಇಬ್ಬರ ಮಧ್ಯೆ ಒಂದು ವಾದ ನಡೆದಿತ್ತು. ಒಬ್ಬ ಬೇಡ ಅಂದಿದ್ದ, ಇನ್ನೊಬ್ಬರು ಪರವಾಗಿಲ್ಲ ಅಂದಿದ್ದರು. ಯಾಕೆ ಬೇಡ, ಯಾಕೆ ಪರವಾಗಿಲ್ಲ ಅನ್ನೋದು ಎಲ್ಲೂ ಉಳಿಯಲಿಲ್ಲ. ಹತ್ತು ವರ್ಷ ಬಿಟ್ಟು ಆ ಪುಟ ಓದುವವರಿಗೆ ಕಾಣುವುದು ಒಂದೇ ಪದ: ಗಮನಿಸಲಾಗಿದೆ.

ಈ ಪತ್ರ ಬರೆಯುತ್ತಿರುವುದು ಆ ಪದದ ಬಗ್ಗೆ.

ನಿಮ್ಮ ಮಂಡಳಿಗಳು ಘಟನೆಗಳನ್ನು ಲೆಕ್ಕ ಇಡುತ್ತವೆ. ಯಾವ ಪಂಪ್ ನಿಂತಿತು, ಎಷ್ಟು ನಿಮಿಷ ನಿಂತಿತು, ವಿಕಿರಣ ಹೊರಗೆ ಬಂತಾ, ಎಲ್ಲ ಇರುತ್ತದೆ. ಆದರೆ ಆ ಘಟನೆಗೆ ಮುಂಚೆ ಯಾರಾದರೂ 'ಹೀಗೆ ಬಿಡಬೇಡಿ' ಅಂದಿದ್ದರಾ, ಅಂದಿದ್ದರೆ ಅವರ ಮಾತನ್ನು ಯಾರು, ಯಾವ ಕಾರಣಕ್ಕೆ ತೆಗೆದುಹಾಕಿದರು ಅನ್ನೋದಕ್ಕೆ ಎಷ್ಟೋ ವರದಿಗಳಲ್ಲಿ ಜಾಗವೇ ಇಲ್ಲ. ದೊಡ್ಡ ಅಪಘಾತ ಆದ ಮೇಲೆ ತನಿಖಾ ಆಯೋಗ ಬರುತ್ತದೆ, ಆಗ ಹಳೆಯ ಕಾಗದ ಒಂದೊಂದಾಗಿ ಹೊರಬರುತ್ತದೆ. ಆ ಕಾಗದ ಮೊದಲೇ ನಿಮ್ಮ ಮೇಜಿನ ಮೇಲೆ ಇರಬೇಕಿತ್ತು ಅಲ್ವಾ?

ದೀಪದ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರ ನೆನಪಾಗುತ್ತದೆ. 1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಒತ್ತಡ ಇಳಿಸುವ ವಾಲ್ವ್ ತೆರೆಯಿತು, ಮತ್ತೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಪ್ಯಾನೆಲ್ ಮೇಲಿನ ದೀಪ ಮಾತ್ರ ಆರಿತು. ಆಪರೇಟರುಗಳು ವಾಲ್ವ್ ಮುಚ್ಚಿತು ಅಂದುಕೊಂಡರು. ಆದರೆ ಆ ದೀಪಕ್ಕೆ ವಾಲ್ವ್ ಎಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ. 'ಮುಚ್ಚು' ಅನ್ನುವ ಆದೇಶ ಹೋಗಿದೆ ಅಂತ ಮಾತ್ರ ಅದು ಹೇಳುತ್ತಿತ್ತು. ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರಿನ ನೀರು ಆ ದಾರಿಯಲ್ಲಿ ಸೋರಿಹೋಯಿತು. ಒಂದು ಮಾಪಕ ನೀರು ಜಾಸ್ತಿಯಾಗಿದೆ ಅಂತ ತೋರಿಸುತ್ತಿದ್ದರಿಂದ ತುರ್ತು ಪಂಪುಗಳ ನೀರನ್ನೂ ಅವರೇ ತಗ್ಗಿಸಿದರು. ಕೊನೆಗೆ ರಿಯಾಕ್ಟರಿನ ತಿರುಳಿನಲ್ಲಿ ಸುಮಾರು ಅರ್ಧ ಭಾಗ ಕರಗಿತು.

ಆಪರೇಟರುಗಳ ತಪ್ಪು ಅಂತ ಬಹಳ ಜನ ಹೇಳಿದರು. ಆದರೆ ಅದಕ್ಕೂ ಹದಿನೆಂಟು ತಿಂಗಳ ಹಿಂದೆ, 1977ರ ಸೆಪ್ಟೆಂಬರ್ 24ರಂದು, ಒಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇದೇ ಕಥೆ ನಡೆದಿತ್ತು. ಎರಡು ಕಡೆಯೂ ಬ್ಯಾಬ್‌ಕಾಕ್ ಆಂಡ್ ವಿಲ್ಕಾಕ್ಸ್ ಕಂಪನಿ ಮಾಡಿದ ರಿಯಾಕ್ಟರ್. ಅದೇ ಕೆಲಸದ ವಾಲ್ವ್ ತೆರೆದೇ ಉಳಿಯಿತು. ಅಲ್ಲಿನವರೂ ಮಾಪಕ ನೋಡಿ ನೀರು ತಗ್ಗಿಸಿದರು. ಪುಣ್ಯಕ್ಕೆ ಆಗ ರಿಯಾಕ್ಟರ್ ಶೇ 9ರಷ್ಟು ಶಕ್ತಿಯಲ್ಲಿ ಮಾತ್ರ ನಡೆಯುತ್ತಿತ್ತು, ಸುಮಾರು ಇಪ್ಪತ್ತು ನಿಮಿಷದಲ್ಲಿ ಒಬ್ಬರಿಗೆ ವಿಷಯ ಹೊಳೆಯಿತು. ಯಾರಿಗೂ ಏನೂ ಆಗಲಿಲ್ಲ. ಘಟನೆ ದಾಖಲಾಯಿತು.

ರಿಯಾಕ್ಟರ್ ಮಾಡಿದ ಆ ಕಂಪನಿಯೊಳಗೇ ಬರ್ಟ್ ಡನ್ ಎಂಬ ಇಂಜಿನಿಯರ್ 1978ರ ಫೆಬ್ರವರಿಯಲ್ಲಿ ಒಂದು ಟಿಪ್ಪಣಿ ಬರೆದರು. ತುರ್ತು ನೀರನ್ನು ಹೀಗೆ ಬೇಗ ತಗ್ಗಿಸಬಾರದು, ಎಲ್ಲ ಸ್ಥಾವರಗಳ ಆಪರೇಟರುಗಳಿಗೆ ತಿಳಿಸಿ ಅಂತ. ಆ ಟಿಪ್ಪಣಿ ಮೇಜಿನಿಂದ ಮೇಜಿಗೆ ಹೋಯಿತು. ಇನ್ನೊಂದು ವಿಭಾಗದವರು ಬೇರೆ ಅನುಮಾನ ಎತ್ತಿದರು. ಆ ಅನುಮಾನಕ್ಕೆ ಉತ್ತರ ಕೊಡುವವರು ಯಾರು ಅಂತ ತೀರ್ಮಾನ ಆಗಲೇ ಇಲ್ಲ. ಸ್ಥಾವರಗಳಿಗೆ ಸೂಚನೆ ಹೋಗಲಿಲ್ಲ. ಅತ್ತ ಅಮೆರಿಕದ ಅಣು ನಿಯಂತ್ರಣ ಆಯೋಗ, ಎನ್‌ಆರ್‌ಸಿಯಲ್ಲಿ, ಜೇಮ್ಸ್ ಕ್ರೆಸ್‌ವೆಲ್ ಎಂಬ ತಪಾಸಣಾ ಅಧಿಕಾರಿ ಡೇವಿಸ್-ಬೆಸ್ಸಿ ವಿಷಯವನ್ನು ಬಿಡದೆ ಹಿಡಿದಿದ್ದರು. ಮೇಲಿನವರು ಕಿವಿಗೊಡದಿದ್ದಾಗ ನೇರವಾಗಿ ಆಯೋಗದ ಇಬ್ಬರು ಸದಸ್ಯರನ್ನು ಕಂಡು ಹೇಳಿದರು. ಅವರಿಗೆ ಆ ಅವಕಾಶ ಸಿಕ್ಕಿದ್ದು 1979ರ ಮಾರ್ಚ್ 22ರಂದು. ಅಪಘಾತಕ್ಕೆ ಆರು ದಿನ ಮುಂಚೆ.

ನೋಡಿ, ಘಟನೆಯ ಫೈಲ್ ಇತ್ತು. ಫೈಲಿನಲ್ಲಿ ಇಲ್ಲದ್ದು ಆ ಜಗಳ. 'ಇದು ಮತ್ತೆ ಆಗುತ್ತೆ' ಅಂದವರು ಇಬ್ಬರು, ಮೂವರು ಇದ್ದರು. ಅವರ ಮಾತಿಗೆ ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಅನ್ನುವ ಗಡುವು ಯಾರ ಮೇಲೂ ಇರಲಿಲ್ಲ.

ಅದೇ ಡೇವಿಸ್-ಬೆಸ್ಸಿಯ ಹೆಸರು ಇಪ್ಪತ್ತೈದು ವರ್ಷದ ನಂತರ ಮತ್ತೆ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದ್ದು ಸ್ಥಾವರ ಮಾತ್ರ ಅಲ್ಲ, ನಿಮ್ಮಂಥವರು ಕೂತಿರುವ ಕುರ್ಚಿಯೂ ತಪ್ಪಿತು.

ರಿಯಾಕ್ಟರ್ ಪಾತ್ರೆಯ ಮುಚ್ಚಳದ ಮೂಲಕ, ಶಕ್ತಿಯನ್ನು ಹತೋಟಿಯಲ್ಲಿಡುವ ಕಂಟ್ರೋಲ್ ರಾಡುಗಳ ಕೊಳವೆಗಳು ಒಳಗೆ ಹೋಗುತ್ತವೆ. ಅಂಥ ಒಂದು ಕೊಳವೆಯ ಬಿರುಕಿನಿಂದ ಬೋರಿಕ್ ಆಸಿಡ್ ಬೆರೆತ ನೀರು ತೊಟ್ಟು ತೊಟ್ಟಾಗಿ ಹೊರಬರುತ್ತಿತ್ತು. ನೀರು ಆವಿಯಾಗಿ ಬಿಳಿ ಪುಡಿ ಉಳಿಯುತ್ತಿತ್ತು. ಪುಡಿಯ ಕೆಳಗೆ ಉಕ್ಕು ತುಕ್ಕು ಹಿಡಿಯುತ್ತಿತ್ತು. ಕಟ್ಟಡದೊಳಗಿನ ಗಾಳಿಯಲ್ಲಿ ವಿಕಿರಣ ಅಳೆಯುವ ಯಂತ್ರಗಳಿಗೆ ಫಿಲ್ಟರ್ ಇರುತ್ತದೆ. ತಿಂಗಳಿಗೊಮ್ಮೆ ಬದಲಿಸಬೇಕಾದ ಆ ಫಿಲ್ಟರುಗಳು ತುಕ್ಕಿನ ಪುಡಿಯಿಂದ ಕಟ್ಟಿಕೊಂಡು, ಎರಡು ದಿನಕ್ಕೊಮ್ಮೆ ಬದಲಿಸುವ ಪರಿಸ್ಥಿತಿ ಬಂತು. ಬದಲಿಸಿದರು. ಮತ್ತೆ ಬದಲಿಸಿದರು. ತುಕ್ಕು ಎಲ್ಲಿಂದ ಬರುತ್ತಿದೆ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ತನಕ ಯಾರೂ ಯಂತ್ರ ನಿಲ್ಲಿಸಲಿಲ್ಲ. 2000ದಲ್ಲಿ ತೆಗೆದ ಒಂದು ಫೋಟೋದಲ್ಲಿ ಮುಚ್ಚಳದ ಮೇಲಿಂದ ಕೆಂಪು ತುಕ್ಕು ಹರಿದಿರುವುದು ಬರಿಗಣ್ಣಿಗೇ ಕಾಣುತ್ತದೆ.

ನನ್ನ ಕೈಯಲ್ಲೂ ಅಂಥ ಫಿಲ್ಟರ್ ಬದಲಾಗಿವೆ. ಪಾಳಿಯ ಕೆಲಸದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತು. ಮೊದಲ ಸಲ ಬೇಗ ಕಟ್ಟಿಕೊಂಡಾಗ ಆಶ್ಚರ್ಯ ಆಗುತ್ತದೆ. ಐದನೇ ಸಲ ಅದು ರೂಢಿ. ಹತ್ತನೇ ಸಲ ಹೊಸ ಹುಡುಗನಿಗೆ 'ಇದು ಹೀಗೇನೇ' ಅಂತ ನಾವೇ ಹೇಳಿಕೊಡುತ್ತೇವೆ.

2001ರಲ್ಲಿ ಬೇರೆ ಸ್ಥಾವರದ ಕೊಳವೆಗಳಲ್ಲಿ ಬಿರುಕು ಕಂಡಿತು. ಎನ್‌ಆರ್‌ಸಿ ಅದೇ ಆಗಸ್ಟಿನಲ್ಲಿ ಸೂಚನೆ ಹೊರಡಿಸಿತು. ಅಪಾಯ ಜಾಸ್ತಿ ಇರುವ ಸ್ಥಾವರಗಳು ಡಿಸೆಂಬರ್ 31ರೊಳಗೆ ತಪಾಸಣೆ ಮುಗಿಸಬೇಕಿತ್ತು. ಡೇವಿಸ್-ಬೆಸ್ಸಿಯ ಕಂಪನಿ ಇನ್ನಷ್ಟು ಸಮಯ ಕೇಳಿತು. ಆಯೋಗದ ಸಿಬ್ಬಂದಿ ಸ್ಥಾವರ ನಿಲ್ಲಿಸುವ ಆದೇಶದ ಕರಡನ್ನೇ ತಯಾರಿಸಿದ್ದರು. ಆಮೇಲೆ ಮಾತುಕತೆ ನಡೆದು 2002ರ ಫೆಬ್ರವರಿ 16ರ ತನಕ ಓಡಿಸಲು ಬಿಟ್ಟರು. ಮಾರ್ಚಿನಲ್ಲಿ ಮುಚ್ಚಳ ನೋಡಿದಾಗ ಗೊತ್ತಾಯಿತು: 16 ಸೆಂಟಿಮೀಟರಿಗಿಂತ ದಪ್ಪದ ಉಕ್ಕನ್ನು ಆಸಿಡ್ ತಿಂದು ಹಾಕಿತ್ತು. ಒಳಗಿನ ಸುಮಾರು 150 ಪಟ್ಟು ವಾಯುಭಾರದ ಒತ್ತಡವನ್ನು ಆ ಜಾಗದಲ್ಲಿ ತಡೆದು ನಿಂತಿದ್ದುದು ಒಳಪದರದ ಸುಮಾರು ಒಂದು ಸೆಂಟಿಮೀಟರ್ ಸ್ಟೇನ್‌ಲೆಸ್ ಸ್ಟೀಲ್. ಅದು ಹೊರಗೆ ಉಬ್ಬಿತ್ತು.

ಆಯೋಗದ ಒಳ ತನಿಖಾಧಿಕಾರಿಯೇ ಅದೇ ವರ್ಷ ವರದಿ ಕೊಟ್ಟರು. ತಪಾಸಣೆ ಮುಂದೂಡಲು ಒಪ್ಪಿದ್ದರ ಹಿಂದೆ ಕಂಪನಿಗೆ ಆಗುವ ನಷ್ಟ ತಪ್ಪಿಸುವ ಯೋಚನೆ ದೊಡ್ಡದಾಗಿ ಕೆಲಸ ಮಾಡಿತ್ತು ಅಂತ ಅದರಲ್ಲಿತ್ತು. 2005ರಲ್ಲಿ ಆಯೋಗ ಕಂಪನಿಗೆ 54.5 ಲಕ್ಷ ಡಾಲರ್ ದಂಡ ಹಾಕಿತು. ಮುಂದಿನ ವರ್ಷ ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ ಕಂಪನಿ ಇನ್ನೂ 2.8 ಕೋಟಿ ಡಾಲರ್ ಕೊಡಬೇಕಾಯಿತು. ದಂಡದ ಮೊತ್ತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ಕರಡು ಆದೇಶ. ನಿಲ್ಲಿಸಿ ಅಂತ ಬರೆದವರು ಸರಿಯಾಗಿದ್ದರು. ಆ ಕಾಗದ, ಅದನ್ನು ಕೈಬಿಟ್ಟಿದ್ದರ ಕಾರಣ, ಎರಡೂ 2001ರ ಡಿಸೆಂಬರಿನಲ್ಲೇ ಸುತ್ತಲಿನ ಜನರ ಮುಂದೆ ಇದ್ದಿದ್ದರೆ, ಮುಂದೂಡುವವರ ಕೈ ಸ್ವಲ್ಪವಾದರೂ ತಡೆಯುತ್ತಿರಲಿಲ್ವಾ?

ಸಣ್ಣದು, ಆರಿಹೋಯಿತು, ಬಿಡಿ ಅನ್ನುವ ಮಾತಿಗೆ ಇನ್ನೊಂದು ಉದಾಹರಣೆ. ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಕೇಬಲ್ ಹಾದುಹೋಗುವ ಗೋಡೆಯ ಸಂದಿನಲ್ಲಿ ಗಾಳಿ ಸೋರುತ್ತಾ ಅಂತ ನೋಡಲು ಮೇಣದ ಬತ್ತಿ ಹಿಡಿಯುತ್ತಿದ್ದರು. ಜ್ವಾಲೆ ವಾಲಿದರೆ ಸೋರಿಕೆ ಇದೆ ಅಂತ ಲೆಕ್ಕ. ಸಂದಿಗೆ ತುರುಕುತ್ತಿದ್ದುದು ಬೆಂಕಿ ಹತ್ತುವ ಫೋಮ್. 1975ರ ಮಾರ್ಚ್ 20ರಂದು ಸಣ್ಣ ಬೆಂಕಿ ಹತ್ತಿತು, ಆರಿಸಿದರು, ಲಾಗ್‌ಬುಕ್ಕಿನಲ್ಲಿ ಬರೆದಿಟ್ಟರು. ಎರಡೇ ದಿನ ಬಿಟ್ಟು ಅದೇ ಬತ್ತಿ, ಅದೇ ಫೋಮ್. ಈ ಸಲ ಬೆಂಕಿ ಸುಮಾರು ಏಳು ಗಂಟೆ ಉರಿಯಿತು. 1,600ಕ್ಕೂ ಹೆಚ್ಚು ಕೇಬಲ್ ಹಾಳಾದವು. 'ಗಮನಿಸಲಾಗಿದೆ' ಅನ್ನುವ ಪದದ ಆಯಸ್ಸು ಅಲ್ಲಿ ಎರಡು ದಿನ.

ಚೆರ್ನೋಬಿಲ್ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಹೇಳುವುದಿಲ್ಲ. ಅದೇ ಮಾದರಿಯ, ಲಿಥುವೇನಿಯಾದ ಇಗ್ನಾಲಿನಾ ರಿಯಾಕ್ಟರನ್ನು 1983ರಲ್ಲಿ ಪರೀಕ್ಷಿಸುವಾಗ ಒಂದು ವಿಷಯ ಗೊತ್ತಾಗಿತ್ತು. ಕಂಟ್ರೋಲ್ ರಾಡ್ ಒಳಗೆ ಇಳಿಯಲು ಶುರುವಾದಾಗ ಶಕ್ತಿ ಕಡಿಮೆಯಾಗುವ ಬದಲು ಮೊದಲು ಏರಬಹುದು ಅಂತ. ಬ್ರೇಕ್ ಒತ್ತಿದರೆ ಗಾಡಿ ಮುನ್ನುಗ್ಗಿದ ಹಾಗೆ. ವಿನ್ಯಾಸ ಮಾಡಿದವರಿಗೆ ಇದು ತಿಳಿದಿತ್ತು. 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ರಾಡುಗಳನ್ನು ಇಳಿಸುವ ಬಟನ್ ಒತ್ತಿದವರಿಗೆ ತಿಳಿದಿರಲಿಲ್ಲ.

ಜಪಾನಿನ ಕಥೆಯಲ್ಲಿ ಎರಡು ಭಾಗ ಇದೆ, ಎರಡೂ ನಿಮಗೇ ಸಂಬಂಧಪಟ್ಟದ್ದು.

ಮೊದಲನೆಯದು 2000ದಲ್ಲಿ. ಟೋಕಿಯೋದ ವಿದ್ಯುತ್ ಕಂಪನಿ ಟೆಪ್ಕೊದ ಸ್ಥಾವರದಲ್ಲಿ ತಪಾಸಣೆ ಮಾಡಿದ್ದ ಒಬ್ಬ ಹೊರಗಿನ ಇಂಜಿನಿಯರ್, ಬಿರುಕಿನ ದಾಖಲೆಗಳನ್ನು ತಿದ್ದಿದ್ದಾರೆ ಅಂತ ಸರ್ಕಾರಕ್ಕೆ ಪತ್ರ ಬರೆದರು. ನಿಯಂತ್ರಣ ಸಂಸ್ಥೆ ಮಾಡಿದ ಕೆಲಸ ಏನು ಗೊತ್ತಾ? ಅವರ ಹೆಸರನ್ನು ಕಂಪನಿಗೇ ತಿಳಿಸಿತು. ವಿಷಯ ಜನರ ಮುಂದೆ ಬರಲು 2002ರ ಆಗಸ್ಟ್ ಆಯಿತು. ಆಮೇಲೆ ಕಂಪನಿಯ ದೊಡ್ಡವರು ರಾಜೀನಾಮೆ ಕೊಟ್ಟರು. 2003ರ ಏಪ್ರಿಲ್ ಹೊತ್ತಿಗೆ ಟೆಪ್ಕೊದ 17 ರಿಯಾಕ್ಟರುಗಳೂ ತಪಾಸಣೆಗಾಗಿ ನಿಂತವು. ದೂರು ಕೊಟ್ಟವರ ಹೆಸರು ಹೊರಗೆ ಬಿಟ್ಟ ಸುದ್ದಿ ಒಮ್ಮೆ ಸ್ಥಾವರದೊಳಗೆ ಹರಡಿದರೆ, ಆಮೇಲೆ ಎಷ್ಟು ವರ್ಷ ಯಾರೂ ಬಾಯಿ ಬಿಡುವುದಿಲ್ಲ ಅನ್ನೋದನ್ನು ಕ್ಯಾಂಟೀನಿನಲ್ಲಿ ಅವರ ಪಕ್ಕ ಕೂತು ಊಟ ಮಾಡಿದವರನ್ನು ಕೇಳಬೇಕು.

ಎರಡನೆಯದು ಅದೇ ಟೆಪ್ಕೊದ ಫುಕುಶಿಮಾ ದೈಇಚಿ ಸ್ಥಾವರ. ಅಲ್ಲಿ ಸುನಾಮಿ 5.7 ಮೀಟರ್ ಬರಬಹುದು ಅಂತ ಲೆಕ್ಕ ಇಟ್ಟುಕೊಂಡಿದ್ದರು. 2008ರಲ್ಲಿ ಕಂಪನಿಯೊಳಗೇ ಹೊಸ ಲೆಕ್ಕ ಹಾಕಿದಾಗ 15.7 ಮೀಟರ್ ಬಂತು. ಇನ್ನೂ ಅಧ್ಯಯನ ಆಗಲಿ ಅಂತ ಅದನ್ನು ಬದಿಗಿಟ್ಟರು. ಆ ಅಂಕಿ ನಿಯಂತ್ರಣ ಸಂಸ್ಥೆಯ ಕೈಗೆ ಬಂದಿದ್ದು 2011ರ ಮಾರ್ಚ್ 7ರಂದು. ನಾಲ್ಕು ದಿನ ಬಿಟ್ಟು ಸಮುದ್ರ ಬಂತು. ಆ ನಿಯಂತ್ರಣ ಸಂಸ್ಥೆ ಇದ್ದದ್ದಾದರೂ ಎಲ್ಲಿ? ಅಣು ವಿದ್ಯುತ್ತನ್ನು ಬೆಳೆಸುವ ಜವಾಬ್ದಾರಿ ಹೊತ್ತ ಕೈಗಾರಿಕಾ ಸಚಿವಾಲಯದ ಒಳಗೆ. ಸಂಸತ್ತು ನೇಮಿಸಿದ ಕಿಯೋಶಿ ಕುರೊಕಾವಾ ಆಯೋಗ 2012ರ ಜುಲೈನಲ್ಲಿ ಇದು ಮನುಷ್ಯರೇ ಮಾಡಿಕೊಂಡ ದುರಂತ ಅಂತ ಹೇಳಿತು. ಆ ಸೆಪ್ಟೆಂಬರಿನಲ್ಲಿ ಜಪಾನ್ ಬೇರೆಯೇ ನಿಯಂತ್ರಣ ಪ್ರಾಧಿಕಾರ ಮಾಡಿಕೊಂಡಿತು.

ಅದೇ ಕರಾವಳಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಹತ್ತಿರ, ಒನಗಾವಾ ಸ್ಥಾವರ ಇದೆ. ಅದನ್ನು ಕಟ್ಟುವ ಮುಂಚೆ ಯಾನೊಸುಕೆ ಹಿರಾಯ್ ಎಂಬ ಹಿರಿಯರು ಜಾಗ ಎತ್ತರದಲ್ಲೇ ಇರಬೇಕು ಅಂತ ಪಟ್ಟು ಹಿಡಿದರು. ಇಷ್ಟು ಎತ್ತರ ಯಾಕೆ, ಸುಮ್ನೆ ಖರ್ಚು ಅಂದವರೂ ಇದ್ದರು. ಹಿರಾಯ್ ಮಾತೇ ನಡೆಯಿತು. ಜಾಗ 14.8 ಮೀಟರ್ ಎತ್ತರದಲ್ಲಿ ಸಿದ್ಧವಾಯಿತು. 2011ರಲ್ಲಿ ಭೂಕಂಪದಿಂದ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು, ಸುಮಾರು 13 ಮೀಟರ್ ಅಲೆ ಬಂತು, ಮುಖ್ಯ ಕಟ್ಟಡಗಳು ನಿಂತವು. ಊರು ಕೊಚ್ಚಿಹೋದವರು ಅದೇ ಸ್ಥಾವರದ ಜಿಮ್ನೇಷಿಯಮ್ಮಿನಲ್ಲಿ ಬಂದು ಉಳಿದುಕೊಂಡರು. ಹಿರಾಯ್ ಇದನ್ನು ನೋಡಲು ಇರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು.

ಒಂದು ಕಡೆ ಬೇಡ ಅಂದವರ ಮಾತು ಗೆದ್ದಿತು, ಇನ್ನೊಂದು ಕಡೆ ಸೋತಿತು. ಯಾವುದು ಗೆಲ್ಲುತ್ತದೆ ಅನ್ನೋದು ಒಬ್ಬ ಮನುಷ್ಯನ ಹಟದ ಮೇಲೆ ನಿಂತಿರಬಾರದು. ಅದಕ್ಕೆ ಒಂದು ವ್ಯವಸ್ಥೆ ಬೇಕು. ಅದನ್ನು ಮಾಡಬಲ್ಲವರು ನೀವು.

ಹಾಗಂತ ಯಾರೂ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 1994ರ ಅಂತರರಾಷ್ಟ್ರೀಯ ಅಣು ಸುರಕ್ಷತಾ ಒಪ್ಪಂದದ 8ನೇ ವಿಧಿಯಲ್ಲಿ, ಅಣು ಶಕ್ತಿಯನ್ನು ಬೆಳೆಸುವವರ ಕೆಲಸವೇ ಬೇರೆ, ಅದನ್ನು ನಿಯಂತ್ರಿಸುವವರ ಕೆಲಸವೇ ಬೇರೆ ಆಗಿರಬೇಕು ಅಂತ ಸ್ಪಷ್ಟವಾಗಿದೆ. ಎನ್‌ಆರ್‌ಸಿ ತನಗೆ ಬಂದ ಘಟನೆಗಳ ಸೂಚನೆಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಅಲ್ಲಿನ ನೌಕರರಿಗೆ, ನನ್ನ ಅಭಿಪ್ರಾಯ ಬೇರೆ ಅಂತ ಬರೆದುಕೊಟ್ಟು ಉತ್ತರ ಕೇಳುವ ಅಧಿಕೃತ ದಾರಿ ಇದೆ. ಪ್ರತಿ ಸ್ಥಾವರದಲ್ಲೂ ಆಯೋಗದ ತಪಾಸಣಾಧಿಕಾರಿಗಳು ಅಲ್ಲೇ ಬೀಡುಬಿಟ್ಟಿರುತ್ತಾರೆ. ಫ್ರಾನ್ಸಿನಲ್ಲಿ ತಪಾಸಣೆ ಮುಗಿಸಿದ ಮೇಲೆ ಸ್ಥಾವರಕ್ಕೆ ಬರೆಯುವ ಪತ್ರವನ್ನೇ ಎಲ್ಲರೂ ಓದಲು ಬಿಡುತ್ತಾರೆ. ಸ್ಥಾವರದ ಸುತ್ತಲಿನವರು ಕೂತು ಪ್ರಶ್ನೆ ಕೇಳುವ ಸ್ಥಳೀಯ ಸಮಿತಿಗಳಿವೆ.

ಫ್ರಾನ್ಸಿನದೇ ಇನ್ನೊಂದು ವಿಷಯ. 2021ರ ಕೊನೆಗೆ ಸಿವೋ ಸ್ಥಾವರದಲ್ಲಿ, ಹತ್ತು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ತಪಾಸಣೆಯಲ್ಲಿ, ತುರ್ತು ನೀರಿನ ಕೊಳವೆಗಳಲ್ಲಿ ಸಣ್ಣ ಬಿರುಕು ಸಿಕ್ಕವು. ಅದೇ ಮಾದರಿಯ ಬೇರೆ ರಿಯಾಕ್ಟರುಗಳನ್ನೂ ನಿಲ್ಲಿಸಿ ನೋಡಿದರು. ಮುಂದೆ ಉಕ್ರೇನ್ ಯುದ್ಧ ಬಂತು, ಗ್ಯಾಸ್ ಬೆಲೆ ಆಕಾಶಕ್ಕೇರಿತು, ಇಡೀ ಯುರೋಪ್ ವಿದ್ಯುತ್ತಿಗೆ ಪರದಾಡಿತು. 2022ರಲ್ಲಿ ಫ್ರಾನ್ಸಿನ ಅಣು ವಿದ್ಯುತ್ ಉತ್ಪಾದನೆ 279 ಟೆರಾವ್ಯಾಟ್-ಅವರ್‌ಗೆ ಇಳಿಯಿತು, ಮೂವತ್ತು ವರ್ಷಗಳಲ್ಲೇ ಕಡಿಮೆ. ಅದಕ್ಕೆ ಈ ಬಿರುಕುಗಳ ತಪಾಸಣೆ ಒಂದು ದೊಡ್ಡ ಕಾರಣ. ಆದರೂ ನೋಡದೆ ಓಡಿಸಲಿಲ್ಲ. ನಿಲ್ಲಿಸಿದರೆ ಕಷ್ಟ ಅಂತ ಯಾರಾದರೂ ನಿಮ್ಮ ಮುಂದೆ ಬಂದು ಹೇಳಿದಾಗ ದಯವಿಟ್ಟು ಆ ವರ್ಷವನ್ನು ನೆನಪಿಸಿಕೊಳ್ಳಿ. ಕಷ್ಟ ಹೌದು. ಆದರೂ ಆಗುವ ಕೆಲಸ.

ನಾನು ಕೇಳುವುದು ಇದರ ಮುಂದಿನ ಹೆಜ್ಜೆ.

ಪ್ರತಿ ಘಟನೆಯ ವರದಿಯಲ್ಲಿ ಒಂದು ಪುಟ ಇದಕ್ಕೇ ಇರಲಿ: ಈ ವಿಷಯದಲ್ಲಿ ಮೊದಲೇ ಯಾರಾದರೂ ಬೇರೆ ಮಾತು ಹೇಳಿದ್ದರಾ? ಏನು ಹೇಳಿದ್ದರು? ಅದನ್ನು ಒಪ್ಪದಿದ್ದುದಕ್ಕೆ ಕಾರಣ ಏನು? ಬೇಡ ಅಂದವರ ಹೆಸರು ಬೇಕಿಲ್ಲ. ಪರವಾಗಿಲ್ಲ ಅಂತ ತೀರ್ಮಾನಿಸಿದವರ ಹುದ್ದೆ ಮತ್ತು ಸಹಿ ಬೇಕು. ನಾನು ಪಾಳಿಯಲ್ಲಿ ಕಂಡ ಹಾಗೆ, ಸಹಿ ಹಾಕಬೇಕಾದಾಗ ಮನುಷ್ಯ ಇನ್ನೊಂದು ಸಲ ಯೋಚಿಸುತ್ತಾನೆ. ಬಾಯಿಮಾತಲ್ಲಿ 'ಬಿಡಪ್ಪಾ' ಅನ್ನುವುದು ಸುಲಭ.

ತಪಾಸಣೆಯ ಗಡುವು ಮುಂದೂಡಿದರೆ ಆ ಅರ್ಜಿ, ನಿಮ್ಮ ಸಿಬ್ಬಂದಿಯ ಅಭಿಪ್ರಾಯ, ಕೊನೆಯ ತೀರ್ಮಾನ ಮೂರನ್ನೂ ಅದೇ ವಾರ ಪ್ರಕಟಿಸಿ. ತೀರ್ಮಾನದಲ್ಲಿ ಹಣದ ಲೆಕ್ಕ ಇದ್ದರೆ ಹಣದ ಲೆಕ್ಕ ಅಂತಲೇ ಬರೆಯಿರಿ. ವರದಿ ಸ್ಥಾವರದ ಸುತ್ತ ಬದುಕುವವರು ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ ಇರಲಿ. ನಮ್ಮ ತಾಂತ್ರಿಕ ಪದಗಳ ಗುಡ್ಡೆ ಅವರಿಗೆ ಬೇಡ. ವಾಲ್ವ್ ಮುಚ್ಚಲಿಲ್ಲ, ಇಷ್ಟು ಹೊತ್ತು ನೀರು ಸೋರಿತು, ಹೊರಗೆ ಏನೂ ಬರಲಿಲ್ಲ ಅಂತ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಅಣು ಘಟನೆ ಎಷ್ಟು ಗಂಭೀರ ಅಂತ ಹೇಳಲು 1990ರಿಂದ ಬಳಕೆಯಲ್ಲಿರುವ ಏಳು ಮಟ್ಟದ ಅಂತರರಾಷ್ಟ್ರೀಯ ಅಳತೆ ಇದೆಯಲ್ಲ, ಅದು ಬೇಕು. ಆದರೆ ಆ ಅಂಕಿಯೇ ವರದಿ ಆಗಬಾರದು. 'ಮಟ್ಟ 0' ಅಥವಾ 'ಮಟ್ಟ 1' ಅಂತ ಒಂದು ಸಾಲು ಹಾಕಿ ಮುಗಿಸಿದರೆ, ಎಷ್ಟು ಕೆಟ್ಟದ್ದಾಯಿತು ಅನ್ನೋದು ಮಾತ್ರ ತಿಳಿಯುತ್ತದೆ. ಎಷ್ಟು ಸಲ ಎಚ್ಚರಿಕೆ ಬಂದಿತ್ತು ಅನ್ನೋದು ತಿಳಿಯುವುದಿಲ್ಲ.

ಗುತ್ತಿಗೆ ಕೆಲಸಗಾರರ ಬಗ್ಗೆ ವಿಶೇಷವಾಗಿ ಹೇಳಬೇಕು. ಔಟೇಜ್ ಸಮಯದಲ್ಲಿ ಒಳಗೆ ಬರುವವರಲ್ಲಿ ಅವರೇ ಜಾಸ್ತಿ. ಇಕ್ಕಟ್ಟಿನ ಜಾಗಕ್ಕೆ ನುಗ್ಗುವವರು, ಸೋರಿದ ನೀರು ಒರೆಸುವವರು, ಕೊಳವೆಯ ಹತ್ತಿರ ಮುಖ ಇಟ್ಟು ಬೆಸುಗೆ ಹಾಕುವವರು ಅವರು. ಏನಾದರೂ ಸರಿ ಇಲ್ಲ ಅಂತ ಮೊದಲು ಕಾಣುವುದೂ ಅವರಿಗೇ. ಆದರೆ ಮುಂದಿನ ಔಟೇಜಿಗೆ ಕರೆಯುತ್ತಾರೋ ಇಲ್ಲವೋ ಅನ್ನುವ ಭಯದಲ್ಲಿ ಸುಮ್ಮನಿರುತ್ತಾರೆ. ಒಬ್ಬ ವೆಲ್ಡರ್ ನನ್ನ ಹತ್ತಿರ ಬಂದು, 'ಅಣ್ಣಾ, ಆ ಸಪೋರ್ಟಿನ ಬೋಲ್ಟ್ ಕೈಯಲ್ಲಿ ತಿರುಗುತ್ತೆ, ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ' ಅಂದಿದ್ದ. ನೋಡಿ ಬಂದೆ, ನಿಜವಾಗಿಯೂ ತಿರುಗುತ್ತಿತ್ತು. ಗುತ್ತಿಗೆದಾರರ ಮೂಲಕ ಹೋಗದೆ, ಸ್ಥಾವರದ ಯಾರ ಕಣ್ಣಿಗೂ ಬೀಳದೆ, ನೇರವಾಗಿ ನಿಮಗೆ ಹೇಳುವ ದಾರಿ ಅಂಥವರಿಗೆ ಇರಬೇಕು. ಆ ಮಾತು ತಿರುಗಿ ಸ್ಥಾವರಕ್ಕೆ ಹೋಗುವಾಗ ಅವರ ಹೆಸರು, ಊರು, ಕೆಲಸ, ಪಾಳಿ ಯಾವುದೂ ಅದರ ಜೊತೆ ಹೋಗಬಾರದು.

ಇದಕ್ಕೆ ನಿಮ್ಮಲ್ಲಿ ಕೆಲವರು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ಎಲ್ಲ ಹೇಳಿದರೆ ಜನ ಹೆದರುತ್ತಾರೆ. ಭದ್ರತೆಯ ವಿಷಯ ಇದೆ. ಕೆಲಸಕ್ಕೆ ಬಾರದ ದೂರುಗಳ ರಾಶಿ ಬೀಳುತ್ತದೆ.

ಭದ್ರತೆಯ ಮಾತು ಒಪ್ಪುತ್ತೇನೆ. ಬೇಲಿ ಎಲ್ಲಿದೆ, ಕಾವಲು ಹೇಗಿದೆ, ಇಂಧನ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದು ಗುಟ್ಟಾಗಿಯೇ ಇರಲಿ. ಆದರೆ ತುಕ್ಕು ಹಿಡಿದ ಮುಚ್ಚಳ ರಕ್ಷಣಾ ರಹಸ್ಯ ಅಲ್ಲ. ಹೆದರಿಕೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ಥಾವರದ ಸೈರನ್ ಕೇಳಿ, ಯಾರೂ ಏನೂ ಹೇಳದೆ, ಮೂರು ದಿನ ಬಿಟ್ಟು 'ಎಲ್ಲ ಸರಿ ಇದೆ' ಅನ್ನುವ ಎರಡು ಸಾಲಿನ ಪ್ರಕಟಣೆ ಬಂದಾಗ ಜನ ಹೆದರಿದ್ದನ್ನು ನಾನು ನೋಡಿದ್ದೇನೆ. ಅವತ್ತೇ ಸಂಜೆ ಇಂಥ ಪಂಪ್ ನಿಂತಿತು, ಇಂಥ ಪಂಪ್ ಅದರ ಕೆಲಸ ತಗೊಂಡಿತು ಅಂದಿದ್ದರೆ ಅವರು ಕೇಳಿಸಿಕೊಂಡು ಮನೆಗೆ ಹೋಗುತ್ತಿದ್ದರು.

ದೂರುಗಳಲ್ಲಿ ಬಹಳಷ್ಟು ತಪ್ಪಾಗಿರುತ್ತವೆ, ನಿಜ. ಆ ರಾತ್ರಿಯ ದೀಪದ ವಿಷಯದಲ್ಲಿ ನಾನೇ ತಪ್ಪಿರಬಹುದು. ನನ್ನ ಮೇಲಿನವರು ಹೇಳಿದಂತೆ ಆ ವಾಲ್ವಿಗೆ ಇನ್ನೆರಡು ಕಡೆಯಿಂದ ಸೂಚನೆ ಬರುತ್ತಿತ್ತು. ನನ್ನ ಮಾತು ಗೆಲ್ಲಬೇಕಿತ್ತು ಅಂತ ನಾನು ಹೇಳುತ್ತಿಲ್ಲ. 'ಇನ್ನೆರಡು ಸೂಚನೆ ಇವೆ, ಆದ್ದರಿಂದ ಔಟೇಜ್ ತನಕ ಕಾಯಬಹುದು' ಅನ್ನುವ ಅವರ ಮಾತೂ ನನ್ನ ಸಾಲಿನ ಕೆಳಗೆ ಬರೆದಿರಬೇಕಿತ್ತು. ಆಗ ಮುಂದೆ ಆ ಎರಡರಲ್ಲಿ ಒಂದು ಕೆಟ್ಟ ದಿನ, ಪಾಳಿಯಲ್ಲಿದ್ದ ಹುಡುಗ ಪುಟ ತಿರುಗಿಸಿ, ಈಗ ಆ ಕಾರಣ ಉಳಿದಿಲ್ಲ ಅಂತ ತಿಳಿದುಕೊಳ್ಳುತ್ತಿದ್ದ.

ಕೊನೆಯ ಕೋರಿಕೆ ಇದು. ವರ್ಷಕ್ಕೊಮ್ಮೆ ಹಳೆಯ ಭಿನ್ನಾಭಿಪ್ರಾಯಗಳನ್ನು ತೆಗೆದು ಓದಿ. ಐದು ವರ್ಷ, ಹತ್ತು ವರ್ಷ ಹಿಂದೆ ಒಪ್ಪದೆ ಬಿಟ್ಟ ಮಾತುಗಳು. ಆಗ ಕೊಟ್ಟ ಕಾರಣ ಇವತ್ತಿಗೂ ನಿಲ್ಲುತ್ತದಾ ಅಂತ ನೋಡಿ, ಉತ್ತರ ಏನೇ ಇರಲಿ ಪ್ರಕಟಿಸಿ. 15.7 ಮೀಟರಿನ ಲೆಕ್ಕ ಕಪಾಟಿನಲ್ಲಿ ಮೂರು ವರ್ಷ ಇತ್ತು. ನಿಮ್ಮ ನಿಮ್ಮ ಕಪಾಟುಗಳಲ್ಲಿ ಈಗ ಏನಿದೆ ಅಂತ ನಿಮಗೆ ಮಾತ್ರ ತಿಳಿಯಲು ಸಾಧ್ಯ.

ಇಂಥ ಒಂದು ಕೆಲಸ ನಿಮ್ಮಲ್ಲಿ ಯಾರಾದರೂ ಶುರು ಮಾಡಿದರೆ, ಮೊದಲ ಕಾಗದ ನಾನೇ ಕೊಡುತ್ತೇನೆ. ವಾಲ್ವಿನ ನಂಬರ್ ಇನ್ನೂ ನೆನಪಿದೆ. ಮೊದಲು ಏನು ಬರೆದಿದ್ದೆ, ಆಮೇಲೆ ಏನು ಬರೆದೆ, ಮಧ್ಯೆ ಏನು ಮಾತಾಯಿತು, ಎಲ್ಲ ಬರೆದು ಸಹಿ ಹಾಕಿ ಕಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಅಣು ವಿದ್ಯುತ್ ಸ್ಥಾವರವೊಂದರ ನಿವೃತ್ತ ಇನ್‌ಸ್ಟ್ರುಮೆಂಟ್ ಕೆಲಸಗಾರ